ದೇವರ ಮುಂದೆ ಕೂತ ಓದೋ ಮಿಷಿನ್ನು

ನಾನು ಯಾರ ಮನೆ ವಿಷಯಕ್ಕೂ ಹೋಗೋಳಲ್ಲ. ಹೊಸ ತಿಪ್ಪಸಂದ್ರದ ನಮ್ಮ ಬೀದಿಯಲ್ಲಿ ವಿಷಯಗಳೇ ಗೇಟು ತಳ್ಕೊಂಡು ಬಂದು ನನ್ನ ಜಗಲಿ ಮೇಲೆ ಕೂರ್ತವೆ. ಎದ್ದು ಹೋಗಿ ಅನ್ನೋಕಾಗುತ್ತಾ?

೧. ಬ್ರೌನ್ ಪೇಪರ್ ಬೈಂಡು

ಎದುರುಮನೆ ಯಜಮಾನರು ಫ್ಯಾಕ್ಟರಿಯಿಂದ ರಿಟೈರ್ ಆದೋರು. ಬೀದಿ ಕೊನೆ ದೇವಸ್ಥಾನದಲ್ಲಿ ಶನಿವಾರ ಪ್ರವಚನ ಹೇಳ್ತಾರೆ. ಈ ವಿಜಯದಶಮಿಗೆ ಅವರನ್ನೇ ಸಮಿತಿ ಅಧ್ಯಕ್ಷರನ್ನ ಮಾಡೋದು ಅಂತ ಮಾತಾಗಿತ್ತು. ಮನೇಲಿ ಬೀರು ತುಂಬ ಪುಸ್ತಕ. ಎಲ್ಲದಕ್ಕೂ ಬ್ರೌನ್ ಪೇಪರ್ ಬೈಂಡು, ಮೇಲೆ ದುಂಡಕ್ಷರದಲ್ಲಿ ‘ಭಕ್ತಿ’, ‘ಮುಕ್ತಿ’, ‘ವೈರಾಗ್ಯ’.

ಅವರ ಮಗಳು ಸ್ಲೇಟಿನ ಥರದ್ದೊಂದು ಇ-ರೀಡರ್ ತಂದುಕೊಟ್ಟಳು. ಎಲ್ಲ ಪುಸ್ತಕ ಇದರೊಳಗೇ ಓದಬಹುದಂತೆ. ಹೆಂಡತಿಗೆ ಅಷ್ಟೇ ಸಾಕಾಯ್ತು. ಯಜಮಾನರು ಸ್ನಾನಕ್ಕೆ ಹೋದಾಗ ಪುಸ್ತಕವೆಲ್ಲ ತೂಕಕ್ಕೆ ಹಾಕಿ, ಖಾಲಿ ಬೀರುವಿನಲ್ಲಿ ಸ್ಟೀಲ್ ಪಾತ್ರೆ ಜೋಡಿಸಿದ್ರು.

ಶಿವಾಜಿನಗರದಿಂದ ಬರೋ ಹಳೇ ಪೇಪರ್ ಭಾಯಿ ಆ ಪುಸ್ತಕಗಳನ್ನ ನನ್ನ ಜಗಲಿ ಮೇಲೆ ಹಾಕ್ಕೊಂಡು ಬೈಂಡು ಕಿತ್ತ. ಒಳಗಿನ ರಟ್ಟಿನ ಮೇಲೆ ಒದ್ದೆ ಸೀರೆ ಉಟ್ಟು, ಕೂದಲು ಬಿಟ್ಕೊಂಡು ನಿಂತ ಹುಡುಗಿ! ಭಾಯಿ ಮೇಲಿನ ಕಾಗದ ನೋಡ್ದ, ಹುಡುಗಿಯನ್ನ ನೋಡ್ದ.

“ಅಮ್ಮಾ, ವೈರಾಗ್ಯ ಅಂದ್ರೆ ಈ ಹುಡ್ಗೀ ಹೆಸ್ರಾ?”

೨. ಬೆನ್ನ ಹಿಂದೆ

ಮಗಳು ಕೊಟ್ಟ ಓದೋ ಮಿಷಿನ್ನಿಗೆ ರಟ್ಟೂ ಇಲ್ಲ, ಚಿತ್ರವೂ ಇಲ್ಲ. ಯಜಮಾನರಿಗೆ ಧೈರ್ಯ ಬಂದು ಸಂಜೆ ದೇವಸ್ಥಾನದ ಕಟ್ಟೆ ಮೇಲೇ ಕೂತು ಓದೋಕೆ ಶುರು ಮಾಡಿದ್ರು. ಹೋಗೋರು ಬರೋರು ಕೈ ಮುಗೀತಿದ್ರು. ಆದರೆ ಪಾಪ, ಕಣ್ಣಿಗೆ ಪೊರೆ. ಅಕ್ಷರ ದೊಡ್ಡದು ಮಾಡ್ತಾ ಮಾಡ್ತಾ ಪುಟಕ್ಕೆ ನಾಲ್ಕೇ ಸಾಲು ಉಳೀತು.

ನಾನು ಟಿನ್ ಫ್ಯಾಕ್ಟರಿ ಬಸ್ಸಿನ ಬೋರ್ಡು ಬಿಟ್ಟರೆ ಏನೂ ಓದಿದೋಳಲ್ಲ. ಈ ಅಕ್ಷರ ಅದಕ್ಕಿಂತ ದಪ್ಪ! ಹಿಂದಿನ ಕಂಬಕ್ಕೆ ಒರಗಿ, ತುಟಿ ಅಲ್ಲಾಡಿಸ್ತಾ ಓದಿದೆ. ಒಬ್ಬಳು ಹೆಂಗಸು. ಗಂಡ ಮನೇಲಿಲ್ಲ. ಹಳೇ ಪ್ರೇಮಿ ಊರಿಗೆ ಬಂದಿದ್ದಾನೆ.

ಬೀದಿಗೆಲ್ಲ ಹೇಳೋಕೆ ನಾಲಿಗೆ ತುರಿಸ್ತು. ಹೇಳಿದ್ರೆ ಅಧ್ಯಕ್ಷಗಿರಿ ಹೋಗೋದು ಅವರದ್ದು, ಕಥೆ ನಿಲ್ಲೋದು ನಂದು. ಬುದ್ಧಿ ಬಂದಾಗಿನಿಂದ ಮೊದಲ ಸಲ ಬಾಯಿ ಮುಚ್ಚಿಕೊಂಡೆ. ಎರಡೇ ದಿನಕ್ಕೆ ಸೊಸೆ ಗಾಬರಿಯಾಗಿ ಹಣೆ ಮುಟ್ಟಿ ನೋಡಿದಳು.

“ಅತ್ತೆ, ಮಾತಾಡ್ತಾನೇ ಇಲ್ವಲ್ಲ, ಡಾಕ್ಟರ್ ಹತ್ರ ಹೋಗೋಣ್ವಾ?”

೩. ಸರಸ್ವತಿ ಪೂಜೆ

ನವರಾತ್ರಿಯಲ್ಲಿ ಪೂಜೆಗಿಟ್ಟ ಪುಸ್ತಕ ದಶಮಿ ತನಕ ಮುಟ್ಟಂಗಿಲ್ಲ. ಮುಂಚೆ ಯಜಮಾನರು ಹಳೇ ಪಂಚಾಂಗ ಒಂದನ್ನ ಇಟ್ಟು, ಮಿಕ್ಕಿದ್ದನ್ನೆಲ್ಲ ಓದ್ಕೊಂಡಿರ್ತಿದ್ರು. ಈ ಸಲ ಹೆಂಡತಿ ಮಿಷಿನ್ನನ್ನೇ ದೇವಿ ಮುಂದೆ ಕೂರಿಸಿದ್ರು. ಇದ್ದಬದ್ದ ಪುಸ್ತಕವೆಲ್ಲ ಒಟ್ಟಿಗೆ ಮಡಿ! ಕಥೆ ನಿಂತಿದ್ದಾದ್ರೂ ಎಲ್ಲಿ? ಆ ಹೆಂಗಸಿನ ಮನೆ ಬಾಗಿಲನ್ನ ಯಾರೋ ತಟ್ಟಿದ ಜಾಗದಲ್ಲಿ. ಅವರಿಗೂ ನಿದ್ದೆ ಇಲ್ಲ, ನನಗೂ ಇಲ್ಲ.

ಅರಿಶಿನ ಕುಂಕುಮಕ್ಕೆ ಅಂತ ಹೋದೆ. ಹೆಂಡತಿ ಒಳಗೆ ಕೋಸಂಬರಿ ಕಲಸ್ತಿದ್ರು. ಯಜಮಾನರು ಒಂದು ಕೈಯಲ್ಲಿ ಗಂಟೆ ಅಲ್ಲಾಡಿಸ್ತಾ ಇನ್ನೊಂದು ಕೈಯನ್ನ ಮೆಲ್ಲಗೆ ಮಿಷಿನ್ ಕಡೆ ಚಾಚಿದ್ರು.

“ರೀ!”

“ಧೂಳು ಒರೆಸ್ತಿದ್ದೆ ಕಣೇ.”

“ನಾನು ಬೆಳಗ್ಗೇನೇ ಒರೆಸಿದೀನಿ. ದೇವಿ ಮುಂದೆ ಕತ್ತಲೆ ಬೇಡ ಅಂತ ಆನ್ ಮಾಡಿ ಕುಂಕುಮ ಇಟ್ಟೆ, ಪುಟ ತಿರುಗ್ತು. ಒರೆಸಿದೆ, ಮತ್ತೆ ತಿರುಗ್ತು. ಒರೆಸ್ತಾ ಒರೆಸ್ತಾ ಕಥೆ ಮುಗಿದೇ ಹೋಯ್ತು.”

ಯಜಮಾನರ ಮುಖ ವಿಭೂತಿ ಬಣ್ಣಕ್ಕೆ ತಿರುಗ್ತು. “ಸಮಿತಿಯೋರಿಗೆ ಹೇಳ್ಬೇಡ್ವೇ…”

ನನಗೆ ತಡೆಯೋಕಾಗ್ಲಿಲ್ಲ. “ಸಮಿತಿ ಹಾಳಾಗ್ಲಿ, ಬಾಗಿಲು ತಟ್ಟಿದ್ದು ಯಾರ್ರೀ?”

ಆಯಮ್ಮ ನನ್ನ ಮುಖ ನೋಡಿದ್ರು, ಗಂಡನ ಮುಖ ನೋಡಿದ್ರು. ದೇವರ ಗೂಡಿನ ಮೊಳೆಗೆ ನೇತುಹಾಕಿದ್ದ ತರಕಾರಿ ಚೀಲ ತೆಗೆದು ಗಂಡನ ಕೈಗೆ ಕೊಟ್ರು.

“ಇನ್ಯಾರು, ಅವಳ ಗಂಡ. ಸೊಪ್ಪು ತಂದಿದ್ದ. ಏಳಿ ಅಧ್ಯಕ್ಷರೇ, ನಮ್ಮನೇಲೂ ಸೊಪ್ಪಿಲ್ಲ.”