ಅಕ್ಕನ ಕಾರಿಗೆ ಭಾವ ಬ್ಯಾಟರಿ ಹುಡುಕಿದ್ದು

ನನ್ನ ಭಾವ ಅಕ್ಕನನ್ನು ಒಪ್ಪಿಕೊಳ್ಳಲು ತೆಗೆದುಕೊಂಡದ್ದು ಒಂದು ಲೋಟ ಕಾಫಿ ತಣಿಯುವಷ್ಟು ಹೊತ್ತು. ಅಕ್ಕನ ಕಾರಿಗೆ ಒಂದು ಬ್ಯಾಟರಿಯನ್ನು ಒಪ್ಪಿಕೊಳ್ಳಲು ಅವರಿಗೆ ಇಡೀ ಬೇಸಿಗೆ ಸಾಲಲಿಲ್ಲ. ಉಡುಪಿಯಿಂದ ಕಾರ್ಕಳದವರೆಗಿನ ಬ್ಯಾಟರಿ ಅಂಗಡಿಯವರು ಈಗಲೂ ಅವರನ್ನು ಕಂಡರೆ ಫೋನು ಕಿವಿಗಿಟ್ಟುಕೊಂಡು ಒಳಗೆ ಹೋಗುತ್ತಾರೆ. ಹೆಣ್ಣು ನೋಡಲು ಬಂದವರು ಅಷ್ಟು ಪ್ರಶ್ನೆ ಕೇಳಿದ್ದರೆ ಹೆಣ್ಣಿನ ಅಪ್ಪ ಚಪ್ಪಲಿ ಹುಡುಕುತ್ತಿದ್ದ. ಬ್ಯಾಟರಿಗೆ ಅಪ್ಪ ಇಲ್ಲದ ಕಾರಣ ಭಾವ ಪ್ರತಿ ಸಲವೂ ಕ್ಷೇಮವಾಗಿ ಮನೆಗೆ ಬಂದರು.

ಕ್ಷೇಮ ಎಂದು ಬರೆಯುವಾಗ ಕೈ ಒಮ್ಮೆ ನಿಂತಿತು. ಅದರ ಮಾತು ಆಮೇಲೆ.

ಭಾವನ ಮನೆ ಕಾಪುವಿನಲ್ಲಿ, ಕಡಲಿನ ಸದ್ದು ಕೇಳುವಷ್ಟು ಹತ್ತಿರ. ಮಲ್ಪೆಯಲ್ಲಿ ಅವರದೊಂದು ಮರದ ಬೋಟು ಉಂಟು. ಗಾಳಿಯಲ್ಲಿ ಮುಗುಚುವಂತಿದ್ದ ಬೋಟಿನ ಮೇಲೆ ನಿಂತು ಬೀಡಿ ಹಚ್ಚಿದ ಮನುಷ್ಯ ಎಂದು ಅವರ ಬಗ್ಗೆ ಬಂದರಿನಲ್ಲಿ ಕತೆಯಿದೆ. ಅದೇ ಮನುಷ್ಯ ನೆಲದ ಮೇಲೆ ಸ್ಕೂಟರ್ ಓಡಿಸಿದರೆ ಹಿಂದಿನಿಂದ ಬಂದ ಸೈಕಲ್ ಬೆಲ್ಲು ಹೊಡೆದು ದಾಟಿ ಹೋಗುತ್ತದೆ. ನೀರಿನಲ್ಲಿ ಬಿದ್ದರೆ ಈಜಬಹುದು, ಡಾಮರಿನಲ್ಲಿ ಈಜುವುದು ಹೇಗೆ ಎಂದು ಅವರ ವಾದ.

ಇಂಥವರಿಗೆ ಗಂಟುಬಿದ್ದವಳು ನನ್ನ ಅಕ್ಕ. ಉಡುಪಿಯಲ್ಲಿ ಹಲ್ಲಿನ ಡಾಕ್ಟರಾಗಿದ್ದಳು. ಮಣಿಪಾಲದಲ್ಲಿ ಪ್ರತಿ ವರ್ಷ ಓದು ಮುಗಿಸಿ ಊರಿಗೆ ಹೊರಡುವ ವಿದ್ಯಾರ್ಥಿಗಳು ಹಾಸಿಗೆ, ಫ್ರಿಜ್ಜು, ಗಿಟಾರು ಎಲ್ಲ ಮಾರಿ ಹೋಗುತ್ತಾರಲ್ಲ, ಹಾಗೆ ಮಾರುವವನೊಬ್ಬನ ಫ್ರಿಜ್ಜು ನೋಡಲು ಹೋದ ಅಕ್ಕ ಅವನ ಕೆಂಪು ಸ್ಪೋರ್ಟ್ಸ್ ಕಾರು ಓಡಿಸಿಕೊಂಡು ಬಂದಳು. ಎರಡೇ ಸೀಟು. ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗು. ಮೊದಲ ದಿನ ಅದರಲ್ಲಿ ಕುಳಿತೆದ್ದ ಭಾವ ಸೊಂಟ ಹಿಡಿದುಕೊಂಡು ಹೇಳಿದ್ದು ಇಷ್ಟೇ: "ಎಂತ ಗಾಡಿ ಮಾರಾಯ್ತಿ ಇದು. ಹತ್ತಬೇಕಾದರೆ ಇಳಿಯಬೇಕು, ಇಳಿಯಬೇಕಾದರೆ ಹತ್ತಬೇಕು."

ಅಕ್ಕ ಗಿಡ್ಡ. ಆ ಕಾರಿನ ಸೀಟಿಗೆ ಮೋಟಾರು ಉಂಟು. ಅವಳು ಸೀಟನ್ನು ಮುಂದಕ್ಕೆ ತಂದು, ಮೇಲಕ್ಕೆತ್ತಿ, ಕನ್ನಡಿಗಳನ್ನು ತನ್ನ ಕಣ್ಣಿಗೆ ತಿರುಗಿಸಿ, ಬಾಗಿಲ ಮೇಲಿನ ಒಂದನೇ ನಂಬರಿನ ಬಟನ್ನಿಗೆ ಅದನ್ನು ನೆನಪಿನಲ್ಲಿಟ್ಟುಕೊಳ್ಳಲು ಹೇಳಿದ್ದಳು. ಬೇರೆ ಯಾರೇ ಸೀಟನ್ನು ಎಲ್ಲಿಗೇ ತಳ್ಳಿರಲಿ, ಆ ಬಟನ್ ಒತ್ತಿದರೆ ಸಾಕು, ಸೀಟು ಸಣ್ಣಗೆ ಗುಂಯ್‌ಗುಟ್ಟುತ್ತ ಅಕ್ಕನ ಜಾಗಕ್ಕೆ ಬಂದು ನಿಲ್ಲುತ್ತಿತ್ತು.

ಕಳೆದ ವರ್ಷ ಅಕ್ಕ ತೀರಿಕೊಂಡಳು. ಎಲ್ಲರೂ ಮೊದಲು ಕೇಳಿದ್ದು ಕಾರಿನಲ್ಲಾ ಎಂದು. ಅಲ್ಲ. ಕ್ಲಿನಿಕ್ಕಿನಲ್ಲಿ ತಲೆನೋವೆಂದು ಕುರ್ಚಿಯಲ್ಲಿ ಕುಳಿತವಳು ಏಳಲಿಲ್ಲ. ಹಲ್ಲು ಕೀಳಿಸಿಕೊಳ್ಳಲು ಬಂದಿದ್ದ ಮುದುಕರೊಬ್ಬರು ಬಾಯಲ್ಲಿ ಹತ್ತಿಯಿಟ್ಟುಕೊಂಡೇ ಆಸ್ಪತ್ರೆಯವರೆಗೆ ಬಂದಿದ್ದರು.

ಆಮೇಲೆ ಭಾವ ಒಂದು ಹೊಸ ಪದ್ಧತಿ ಹಿಡಿದರು. ಬೆಳಿಗ್ಗೆ ಚಹಾ ಕುಡಿದು, ಹಿಂದೆ ಬಲೆ ತುಂಬಿಸಿಡುತ್ತಿದ್ದ ಶೆಡ್ಡಿಗೆ ಹೋಗಿ ಕಾರು ಸ್ಟಾರ್ಟ್ ಮಾಡುವುದು. ಸೀಟನ್ನು ಹಿಂದಕ್ಕೆ ತಳ್ಳಿ ಹೊರಗೆ ಬಂದು ನಿಂತು ಒಂದನೇ ಬಟನ್ ಒತ್ತುವುದು. ಖಾಲಿ ಸೀಟು ಮುಂದೆ ಬರುತ್ತಿತ್ತು, ಏರುತ್ತಿತ್ತು, ಕನ್ನಡಿಗಳು ಯಾರದೋ ಮುಖ ಹುಡುಕುವಂತೆ ತಿರುಗುತ್ತಿದ್ದವು. ಎಲ್ಲ ನಿಂತ ಮೇಲೆ ಭಾವ "ಆಯ್ತು" ಎಂದು ಕಾರು ಬಂದ್ ಮಾಡಿ ಮಲ್ಪೆಗೆ ಹೋಗುತ್ತಿದ್ದರು. ಅಕ್ಕ ಹೋದ ಮೇಲೆ ಆ ಮನೆಯಲ್ಲೇ ಉಳಿದಿದ್ದ ನಾನೊಮ್ಮೆ ಇದನ್ನು ನೋಡಿ, ನೋಡದವಳ ಹಾಗೆ ಬಟ್ಟೆ ಒಣಗಿಸಲು ಹೋದೆ. ಬಟ್ಟೆ ಆಗಲೇ ಒಣಗಿತ್ತು.

ಓಡದ ಕಾರಿನ ಬ್ಯಾಟರಿ ಎಷ್ಟು ದಿನ ಬಂದೀತು? ಈ ಬೇಸಿಗೆಗೆ ಅದು ಕೆಮ್ಮತೊಡಗಿತು. ಬ್ಯಾಟರಿ ಬದಲಿಸಬೇಕು. ಬದಲಿಸುವಾಗ ಕ್ಷಣಹೊತ್ತು ಕರೆಂಟು ತಪ್ಪಿದರೂ ಆ ಕಾರು ಗಡಿಯಾರ, ರೇಡಿಯೋ, ಸೀಟು ಎಲ್ಲವನ್ನೂ ಮರೆತುಬಿಡುತ್ತದಂತೆ. ಗಡಿಯಾರ, ರೇಡಿಯೋ ಭಾವನಿಗೆ ಬೇಡ. ಸೀಟು ಮರೆಯಬಾರದು. ಅವರ ಹುಡುಕಾಟವೆಲ್ಲ ಅದಕ್ಕಾಗಿ.

ನಾನು ಕಾಲೇಜಿನಲ್ಲಿ ಪಾಠ ಮಾಡುವವಳು. ನನಗೆ ಸುಲಭದ ದಾರಿ ಹೊಳೆಯಿತು. "ಭಾವ, ಒಂದು ಟೇಪು ಹಿಡಿದು ಅಳತೆ ಬರೆದಿಡುವ. ಮತ್ತೆ ಹಾಗೆಯೇ ಇಟ್ಟರಾಯಿತಲ್ಲ?"

ಭಾವ ಬೇಡವೆಂದು ಕೈಯಾಡಿಸಿದರು. "ಅದು ನಾವು ಇಟ್ಟದ್ದಾಯ್ತು. ಇದು ಅವಳು ಇಟ್ಟದ್ದು."

ಟೇಪಿನ ಮಾತು ಅಲ್ಲಿಗೆ ಮುಗಿಯಿತು.

ಮೊದಲು ಉಡುಪಿಯ ಅಂಗಡಿ. ಭಾವನಿಗೆ ಗೊತ್ತಿರುವ ವ್ಯಾಪಾರ ಒಂದೇ, ಮೀನಿನದು. ಬ್ಯಾಟರಿಯನ್ನೂ ಅವರು ಹಾಗೇ ನೋಡಿದರು. ಎತ್ತಿದರು, ಒತ್ತಿದರು, ಮೂಸಿದರು. ಕಿವಿರು ಬಿಡಿಸುವುದೊಂದು ಬಾಕಿ.

"ಇದು ಹುಟ್ಟಿದ್ದು ಯಾವಾಗ?"

"ಫ್ರೆಶ್ ಮಾಲು ಸಾರ್, ನಿನ್ನೆ ಬಂದದ್ದು."

"ಬಂದದ್ದು ನಾನು ಕೇಳಲಿಲ್ಲ. ಐಸಿನಲ್ಲಿಟ್ಟ ಬಂಗುಡೆಯೂ ನಿನ್ನೆಯೇ ಬರುವುದು. ಹುಟ್ಟಿದ್ದು ಯಾವಾಗ?"

"ಗ್ಯಾರಂಟಿ ಉಂಟಲ್ಲ ಸಾರ್. ಹಾಳಾದರೆ ಬೇರೆ ಬ್ಯಾಟರಿ ಕೊಡ್ತೇವೆ."

"ಬ್ಯಾಟರಿ ಕೊಡ್ತೀರಿ. ಅದು ಮರೆತದ್ದನ್ನು ಕೊಡ್ತೀರಾ?"

ಅಂಗಡಿಯವ ನನ್ನ ಮುಖ ನೋಡಿದ. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ಕೊನೆಗೆ ಅವನು, ಒಂದು ಕ್ಷಣವೂ ಕರೆಂಟು ಹೋಗಬಾರದಾದರೆ ನಂದಿಕೂರಿನ ಪವರ್ ಪ್ಲಾಂಟಿನಿಂದಲೇ ನಿಮ್ಮ ಶೆಡ್ಡಿಗೆ ಒಂದು ಲೈನ್ ಎಳೆಸಿ ಎಂದ. ಭಾವ ಸಿಟ್ಟಾಗಲಿಲ್ಲ. ಅದನ್ನೂ ಒಮ್ಮೆ ಯೋಚಿಸಿದ ಹಾಗೆ ಕಂಡರು.

ಆಮೇಲೆ ಕಾರ್ಕಳ. ಅಲ್ಲಿನವನು ಕಲ್ಲು ಸಾಗಿಸುವ ಲಾರಿಗಳಿಗೆ ಬ್ಯಾಟರಿ ಕೊಡುವವ. ನಂಬಿಕೆಯದ್ದು ಬೇಕು ಎಂದದ್ದೇ ತಡ, ಇಬ್ಬರು ಹೊತ್ತು ತರುವಂಥದ್ದೊಂದನ್ನು ತಂದಿಟ್ಟ. "ಇದನ್ನು ಕೊಟ್ಟರೆ ಗುಡ್ಡೆಯ ಮೇಲಿನ ಗೊಮ್ಮಟನೂ ಸ್ಟಾರ್ಟ್ ಆಗ್ತಾನೆ, ನೋಡಿ."

ಭಾವ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. "ಬ್ಯಾಟರಿ ಒಳ್ಳೆಯದೇ. ಕಾರನ್ನು ಇದರ ಒಳಗೆ ಇಡಬೇಕಷ್ಟೆ."

ಕೊನೆಗೆ ಮಣಿಪಾಲ. ಗಾಜಿನ ಬಾಗಿಲಿನ, ತಣ್ಣಗಿನ ಅಂಗಡಿ. ಅಲ್ಲಿನ ಮ್ಯಾನೇಜರು ಕಾಫಿ ಕೊಡಿಸಿ, ಆ ಕಾರಿಗೆ ಸರಿಹೊಂದುವ ಬ್ಯಾಟರಿಯ ಹೆಸರು ಹೇಳಿ, ಬೆಂಗಳೂರಿನಿಂದ ತರಿಸಿಕೊಡುತ್ತೇವೆ ಎಂದರು. ಭಾವನ ಮುಖ ಎಷ್ಟೋ ದಿನಗಳ ಮೇಲೆ ಸಡಿಲವಾಯಿತು. ಆಗ ಮ್ಯಾನೇಜರು ಸೇರಿಸಿದರು: "ಸೀಟಿನದ್ದು ಮರೆಯದ ಹಾಗೆ ಮಾಡುವ ಒಂದು ಸಾಧನ ನಮ್ಮಲ್ಲಿ ಉಂಟು ಸಾರ್. ಹೆಚ್ಚಾಗಿ ಎಂತ ಆಗುವುದಿಲ್ಲ."

"ಹೆಚ್ಚಾಗಿ ಅಂದರೆ?"

"ಅಂದರೆ... ಹೋದರೂ ತೊಂದರೆ ಇಲ್ಲ ಸಾರ್. ಹೊಸದಾಗಿ ಕೂತು ಬಟನ್ ಒತ್ತಿದರಾಯ್ತು. ಯಾರು ಓಡಿಸುವುದು, ನೀವಾ?"

ಭಾವ ಕಾಫಿಯನ್ನು ಅರ್ಧಕ್ಕೇ ಇಟ್ಟು, "ಬ್ಯಾಟರಿ ಮನೆಗೆ ಕಳಿಸಿ. ಹಾಕುವುದು ನಾನು" ಎಂದು ಎದ್ದರು.

ಈ ಧೈರ್ಯ ಎಲ್ಲಿಂದ ಬಂತು? ಬೋಟಿನಿಂದ. ಬೋಟಿನವರಿಗೆ ಮೀನಿರುವ ಜಾಗಗಳ ಗುರುತೇ ಆಸ್ತಿ. ಕರೆಂಟು ತಪ್ಪಿದರೆ ಬೋಟಿನ ಜಿಪಿಎಸ್ ಯಂತ್ರ ಆ ಗುರುತು ಮರೆತೀತು ಎಂಬ ಭಯ ಅವರಲ್ಲಿ ಹಳೆಯದು. ಅದಕ್ಕೆ ನಡುಗಡಲಿನಲ್ಲಿ ಬ್ಯಾಟರಿ ಬದಲಿಸಬೇಕಾದರೆ, ಪಕ್ಕದಲ್ಲಿ ಇನ್ನೊಂದನ್ನು ತಂದು ವಯರಿನಿಂದ ಜೋಡಿಸಿ, ಅದು ಕರೆಂಟು ಕೊಡುತ್ತಿರುವಾಗಲೇ ಹಳೆಯದನ್ನು ಕಳಚುತ್ತಾರೆ. ಭಾವ ಅದನ್ನು ಅಲೆಯ ಮೇಲೆ, ಕತ್ತಲಲ್ಲಿ ಮಾಡಿದವರು. ಶೆಡ್ಡಿನಲ್ಲಿ ಮಾಡಲಾರರೇ?

ಹೊಸ ಬ್ಯಾಟರಿ ಮನೆಗೆ ಬರುವಷ್ಟರಲ್ಲಿ ಮಳೆಗಾಲ ಬಂತು. ಮಳೆಗಾಲದಲ್ಲಿ ಮೀನುಗಾರಿಕೆಗೆ ರಜೆ. ಬೋಟುಗಳು ದಡ ಸೇರುತ್ತವೆ, ಅವುಗಳ ಬ್ಯಾಟರಿಗಳು ಮನೆಗೆ ಬರುತ್ತವೆ. ಭಾವ ಬೋಟಿನ ಬ್ಯಾಟರಿಯನ್ನು ಶೆಡ್ಡಿನೊಳಗೇ ಇಟ್ಟು ಚಾರ್ಜ್ ಮಾಡಿದರು. ಹೊರಗೆ ಜಡಿಮಳೆ, ಆದ್ದರಿಂದ ಬಾಗಿಲು ಮುಚ್ಚಿತ್ತು. ಬೆಳಿಗ್ಗೆ ನಾನು ಹೋದಾಗ ಒಳಗೆ ಮೂಗಿಗೆ ಏರುವ ಹುಳಿ ವಾಸನೆ. ಅದು ಚಾರ್ಜಾದ ಬ್ಯಾಟರಿ ಬಿಟ್ಟ ಗ್ಯಾಸು, ಕಿಡಿ ಕಂಡರೆ ಸಿಡಿಯುತ್ತದೆ ಎಂದು ಈಗ ಗೊತ್ತು. ಆಗ ನಾನು ಅದನ್ನು ಹಳೆಯ ಬಲೆಯ ವಾಸನೆ ಎಂದುಕೊಂಡೆ.

ಆ ಕಾರಿನ ಬ್ಯಾಟರಿ ಹಿಂದಿನ ಡಿಕ್ಕಿಯಲ್ಲಿರುವುದು. ಭಾವ ಬೋಟಿನ ಬ್ಯಾಟರಿಯನ್ನು ಪಕ್ಕದಲ್ಲೊಂದು ಸ್ಟೂಲಿನ ಮೇಲಿಟ್ಟು ವಯರು ಜೋಡಿಸಿದರು. ನನ್ನ ಕೆಲಸ ಮುಂದೆ ಬಾಗಿಲ ಹತ್ತಿರ ನಿಂತು ಒಳಗಿನ ದೀಪ ಆರುತ್ತದೆಯೇ ಎಂದು ನೋಡುವುದು.

"ಉಂಟಾ?"

"ಉಂಟು."

"ಈಗ?"

"ಉಂಟು ಭಾವ."

ಅವರು ಹಳೆಯ ಬ್ಯಾಟರಿಯಿಂದ ಕಾರಿನ ವಯರಿನ ತುದಿ ಬಿಡಿಸಿದರು. ದೀಪ ಉರಿಯುತ್ತಲೇ ಇತ್ತು. ಭಾವ ತಲೆಯೆತ್ತಿ ನನ್ನ ಕಡೆ ನೋಡಿ ನಕ್ಕರು. ಅಕ್ಕ ಹೋದ ಮೇಲೆ ಅವರು ಹಲ್ಲು ಕಾಣುವ ಹಾಗೆ ನಕ್ಕದ್ದು ಅದೇ ಮೊದಲು. ಹಳೆಯ ಬ್ಯಾಟರಿ ಎತ್ತಲು ಎರಡೂ ಕೈ ಬೇಕಿತ್ತು. ಬೋಟಿನಲ್ಲಿ ಮಾಡುವಂತೆಯೇ ಸ್ಟೂಲಿನ ಬ್ಯಾಟರಿಯಿಂದ ಕರೆಂಟು ಬರುತ್ತಿದ್ದ ಆ ತುದಿಯನ್ನು ಡಿಕ್ಕಿಯ ಅಂಚಿನ ಮೇಲೆ ಇಟ್ಟರು.

ಬೋಟು ಮರದ್ದು. ಅಲ್ಲಿ ಎಲ್ಲಿಟ್ಟರೂ ಏನೂ ಆಗುವುದಿಲ್ಲ. ಕಾರಿನ ಮೈ ಕಬ್ಬಿಣದ್ದು, ಆ ಮೈಯೇ ಬ್ಯಾಟರಿಯ ಇನ್ನೊಂದು ವಯರು. ಕಡಲಿನಲ್ಲಿ ಜೀವಮಾನ ಕಳೆದ ಕೈಗೆ ಅದು ಹೇಗೆ ಗೊತ್ತಾಗಬೇಕು?

ನೀಲಿ ಬೆಳಕು ಮೊದಲೋ ಸದ್ದು ಮೊದಲೋ ನನಗೆ ಇಂದಿಗೂ ತಿಳಿಯದು. ಪಾಠದ ನಡುವೆ, ಬಸ್ಸಿನಲ್ಲಿ, ಅನ್ನ ಬಡಿಸುವಾಗ ಆ ಕೈ ಆ ತುದಿಯನ್ನು ಇಡಲು ಕೆಳಗೆ ಬರುವುದು ಕಾಣುತ್ತದೆ. ಪ್ರತಿ ಸಲವೂ "ಭಾವ, ಅಲ್ಲಿ ಬೇಡ" ಎನ್ನಲು ಬಾಯಿ ತೆರೆಯುತ್ತೇನೆ. ಪ್ರತಿ ಸಲವೂ ಕೈ ಕೆಳಗೆ ಬರುತ್ತದೆ. ಸ್ಟೂಲಿನ ಮೇಲಿದ್ದ ಬ್ಯಾಟರಿಯ ತಲೆ ಹಾರಿಹೋಗಿತ್ತು. ಭಾವ ಮುಖ ಮುಚ್ಚಿಕೊಂಡು ಕೂತಿದ್ದರು. ಬೆರಳ ಸಂದಿಯಿಂದ ಆಸಿಡ್ ಇಳಿಯುತ್ತಿತ್ತು.

ಅವರನ್ನು ಹೊರಗೆಳೆದು ಮಾಡಿನಿಂದ ಇಳಿದ ಮಳೆನೀರು ತುಂಬಿದ ಡ್ರಮ್ಮಿನ ಪಕ್ಕ ಕೂರಿಸಿ ಕಣ್ಣಿಗೆ ಚೆಂಬು ಚೆಂಬು ಸುರಿದೆ. ಸುರಿಯುವಾಗ ಅವರು ಕಿರುಚುತ್ತಿದ್ದರು. ನೋವಿಗೆ ಎಂದುಕೊಂಡೆ. ಮಾತು ಬಿಡಿಸಿಕೊಂಡು ಕೇಳಿದರೆ: "ನನ್ನನ್ನು ಬಿಡು, ದೀಪ ನೋಡು! ದೀಪ ಉಂಟಾ ನೋಡು!"

ಪಕ್ಕದ ಮನೆಯವರ ಕಾರಿನಲ್ಲಿ ಮಣಿಪಾಲದ ಆಸ್ಪತ್ರೆಗೆ ಹೊರಟೆವು. ಕಟಪಾಡಿ ದಾಟುವಾಗ ಮುಖಕ್ಕೆ ಸುತ್ತಿದ್ದ ಒದ್ದೆ ಬೈರಾಸಿನ ಒಳಗಿನಿಂದ ಮತ್ತೆ ಅದೇ ಪ್ರಶ್ನೆ.

"ಉಂಟು ಭಾವ" ಎಂದೆ. ನಾನು ನೋಡಿಯೇ ಇರಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ವಿಚಾರಿಸಿದರು.

"ಎಂತ ಕೆಲಸ ನಿಮ್ಮದು?"

"ಬೋಟು."

"ಬೋಟಿನಲ್ಲಿ ಆದದ್ದಾ?"

"ಅಲ್ಲ, ಕಾರಿನಲ್ಲಿ."

"ಸ್ಪೀಡಿನಲ್ಲಿದ್ದಿರಾ?"

ಭಾವನಿಗೆ ಜನ್ಮದಲ್ಲಿ ಯಾರೂ ಕೇಳದ ಪ್ರಶ್ನೆ. ಅಷ್ಟು ನೋವಿನಲ್ಲೂ ಅವರು ಸ್ವಲ್ಪ ಹೆಮ್ಮೆಯಿಂದ ಕತ್ತು ಎತ್ತಿದ ಹಾಗೆ ನನಗೆ ಕಂಡಿತು.

ಬಲಗಣ್ಣು ಉಳಿಯುತ್ತದೆ, ಎಡಗಣ್ಣಿನದ್ದು ಈಗಲೇ ಹೇಳಲಾಗದು ಎಂದರು. ಎರಡಕ್ಕೂ ಪಟ್ಟಿ ಕಟ್ಟಿ ಕೆಲವು ದಿನಗಳ ಮೇಲೆ ಮನೆಗೆ ಕಳಿಸಿದರು. ಅಷ್ಟರಲ್ಲಿ ಮಣಿಪಾಲದ ಅಂಗಡಿಯವರು ಬಂದು, ಸುಟ್ಟ ವಯರು ಬದಲಿಸಿ, ಹೊಸ ಬ್ಯಾಟರಿ ಕೂರಿಸಿ, ಕೂತು ನೋಡಲು ಸೀಟನ್ನು ಹಿಂದಕ್ಕೆ ತಳ್ಳಿ ಹೋಗಿದ್ದರು. ಕಾರು ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ನಾನು ಒಂದನೇ ಬಟನ್ ಒತ್ತಿದೆ. ಸೀಟು ಅಲ್ಲಾಡಲಿಲ್ಲ. ಮತ್ತೆ ಒತ್ತಿದೆ.

ಹೇಳದೆ ನಿರ್ವಾಹವಿರಲಿಲ್ಲ. ಭಾವ ಕೇಳಿಸಿಕೊಂಡರು. ಆ ದಿನ ಊಟ ಬೇಡ ಎಂದರು. ಮರುದಿನ ಚಹಾ ಕುಡಿದು, "ನನ್ನನ್ನು ಶೆಡ್ಡಿಗೆ ಕರಕೊಂಡು ಹೋಗು" ಎಂದರು.

ಕೈ ಹಿಡಿದು ನಡೆಸಿದೆ. ಅವರು ತಡಕಾಡುತ್ತ ಎಡಗಡೆಯ ಬಾಗಿಲು ತೆಗೆದು, ಸೊಂಟ ಬಗ್ಗಿಸಿ, ಅಕ್ಕ ಜೋರಾಗಿ ಓಡಿಸುವಾಗ ತಾವು ಕೂರುತ್ತಿದ್ದ ಹಳೆಯ ಜಾಗದಲ್ಲಿ ಕುಳಿತರು. "ನೀನು ಆ ಕಡೆ ಕೂತುಕೋ. ಎಂತಾದರೂ ಮಾತಾಡು."

"ಎಂತ ಮಾತಾಡುವುದು ಭಾವ?"

"ಎಂತಾದರೂ. ಎದುರಿನ ಬಸ್ಸಿನವನಿಗೆ ಬೈ. ಅವಳು ಬೈತಿದ್ದಳಲ್ಲ."

ಎದುರಿಗೆ ಶೆಡ್ಡಿನ ಗೋಡೆ. ನಾನು ಗೋಡೆಗೆ ಬೈಯತೊಡಗಿದೆ. ಏನು ಅವಸರ ಇವನಿಗೆ, ಇವನಪ್ಪನ ರಸ್ತೆಯಾ, ಇಂಡಿಕೇಟರ್ ಹಾಕಲು ಇವನಿಗೆ ಆರತಿ ಎತ್ತಬೇಕಾ ಎಂದೆ. ಭಾವ ಕಿವಿಯನ್ನು ನನ್ನ ಕಡೆ ವಾಲಿಸಿ ಕೇಳಿದರು.

"ಸ್ವಲ್ಪ ಮುಂದೆ ಬಾ."

ಸೀಟು ಗುಂಯ್‌ಗುಟ್ಟಿತು. ನಾನು ಇನ್ನೊಂದು ಬಸ್ಸಿಗೆ ಬೈದೆ.

"ಇನ್ನು ಸ್ವಲ್ಪ. ಮೇಲೆ. ಅಷ್ಟು ಬೇಡ. ನೀನು ಅವಳಿಗಿಂತ ಉದ್ದ, ತಲೆ ಒಂದು ಬೆರಳು ತಗ್ಗಿಸು. ಬೈ, ಬೈ, ನಿಲ್ಲಿಸಬೇಡ."

ಒಂದು ಲಾರಿಗೂ ಬೈದೆ. ಭಾವ ಒಮ್ಮೆಲೇ ಕೈ ಎತ್ತಿದರು. "ಹಾ. ಅವಳ ಸ್ವರ ಇಲ್ಲಿಂದಲೇ ಬರ್ತಿತ್ತು. ಒತ್ತು."

ನೆನಪಿನ ಬಟನ್ನು, ಆಮೇಲೆ ಒಂದನೇ ನಂಬರು, ಎರಡನ್ನೂ ಒತ್ತಿದೆ. ಕಾರು ಟಿಂಗ್ ಎಂದು ಒಪ್ಪಿಕೊಂಡಿತು. ಇನ್ನು ಇಳಿಯಬಹುದಿತ್ತು. ಆದರೆ ಭಾವ ಇಳಿಯಲಿಲ್ಲ. ಎಡಗೈಯಲ್ಲಿ ಬಾಗಿಲಿನ ಹಿಡಿಯನ್ನು ಬೆರಳು ಬಿಳಿಚಿಕೊಳ್ಳುವಷ್ಟು ಬಿಗಿಯಾಗಿ ಹಿಡಿದು, ಪಟ್ಟಿ ಕಟ್ಟಿದ ಮುಖವನ್ನು ಮುಂದಕ್ಕೆ ಮಾಡಿ ಕುಳಿತಿದ್ದರು.

"ಸ್ವಲ್ಪ ಮೆಲ್ಲ ಹೋಗು ಮಾರಾಯ್ತಿ" ಎಂದರು.

ನಾನು ಬ್ರೇಕಿನ ಮೇಲೆ ಕಾಲಿಟ್ಟೆ.