ತುಳಜಾ ಬರುವ ಲೈನು

ಬಾಲು ಮನೆಗೆ ಕಂಪ್ಯೂಟರ್ ತಂದದ್ದು ಓಣಿಯವರ ಕಿವಿ ತಪ್ಪಿಸಲಿಕ್ಕೆ. ದಾಂಡೇಲಿಯ ಆ ಓಣಿಗೆಲ್ಲ ಫೋನ್ ಇದ್ದದ್ದು ಅವನೊಬ್ಬನ ಮನೆಯಲ್ಲಿ. ನೆರೆಹೊರೆಯವರೆಲ್ಲ ಊರೂರಿನ ಬೀಗರಿಗೆ ಅವನ ನಂಬರನ್ನೇ ತಮ್ಮ ನಂಬರೆಂದು ಹಂಚಿಬಿಟ್ಟಿದ್ದರು. ಫೋನ್ ಬಂದರೆ ಬಾಲು ಓಡಿಹೋಗಿ ಕರೆಯಬೇಕು. ಅವರು ಬಂದು ಮಾತಾಡಿ, ಚಹಾ ಕುಡಿದು ಹೋಗಬೇಕು. ಅಷ್ಟೇ ಆಗಿದ್ದರೆ ಹಾಳಾಗಿ ಹೋಗಲಿ ಎನ್ನಬಹುದಿತ್ತು. ಬಾಲು ತಾನೇ ಮಾತಾಡಲು ಕುಳಿತರೂ ಅವರು ಏಳುತ್ತಿರಲಿಲ್ಲ. "ನೀ ಮಾತಾಡಪಾ, ನಾವೇನು ಕೇಳಾಕತ್ತಿಲ್ಲ" ಎನ್ನುತ್ತ ಟಿ.ವಿ.ಯ ಸದ್ದು ತಗ್ಗಿಸುತ್ತಿದ್ದರು.

ಇಂಥ ಮನೆಯಿಂದ ಹುಡುಗಿಯ ಜೊತೆ ಮಾತಾಡುವುದು ಹೇಗೆ? ಹುಡುಗಿ ಅಂದರೆ ಮುಂಡಗೋಡದ ತುಳಜಾ. ಕನ್ಯಾ ನೋಡಲು ಹೋದಾಗ ಹಿರಿಯರೇ ಎಲ್ಲ ಮಾತಾಡಿದರು. ಇವರಿಬ್ಬರೂ ಅವಲಕ್ಕಿ ತಟ್ಟೆ ನೋಡುತ್ತ ಕುಳಿತದ್ದಷ್ಟೇ. ಹೊರಡುವಾಗ ಅವಳು ಮೆಲ್ಲಗೆ, "ಬರೋ ರವಿವಾರ ಸೈಬರ್ ಕೆಫೆಕ್ಕ ಹೋಗಿರ್ತೇನಿ, ಚಾಟ್‌ನಾಗ ಸಿಗ್ರಿ. ಸಂಜಿಕೆ ಅಪ್ಪಗ ನನ್ನ ಮನಸ್ಸು ಹೇಳಬೇಕು. ಮಳಗಿ ಊರಿನ ಗಂಡಿನ ಕಡಿಯವರೂ ನನ್ನ ಕೇಳಿ ಹೋಗ್ಯಾರ" ಎಂದಿದ್ದಳು. ಬಾಲುವಿಗೆ ಅವಳು ಬೇಕಾಗಿದ್ದಳು, ಅದರಲ್ಲಿ ಮುಚ್ಚುಮರೆ ಏನು? ಮರದ ಡಿಪೋದ ಗುಮಾಸ್ತಿಕೆಯಲ್ಲಿ ಉಳಿಸಿದ್ದನ್ನೆಲ್ಲ ಹುಬ್ಬಳ್ಳಿಯ ಅಂಗಡಿಗೆ ಸುರಿದು ಕಂಪ್ಯೂಟರ್ ಹೊತ್ತು ತಂದ.

ರವಿವಾರ ಬೆಳಿಗ್ಗೆ ಫೋನಿನ ವೈರು ಕಿತ್ತು ಕಂಪ್ಯೂಟರಿಗೆ ಚುಚ್ಚಿದ. ಫೋನು ಹಾಸಿಗೆಯ ಮೇಲೆ ಬಿತ್ತು. ಡಯಲ್ ಒತ್ತಿದ್ದೇ ತಡ, ಕಂಪ್ಯೂಟರಿನ ಹೊಟ್ಟೆಯೊಳಗಿಂದ ಕೊಂಯ್, ಕಿರ್ರ್ ಎಂದು ಸದ್ದು ಹೊರಟಿತು. ಪಕ್ಕದ ಮನೆಯ ಗಿರಿಜಾಬಾಯಿ ಸೌಟು ಹಿಡಿದುಕೊಂಡೇ ಓಡಿ ಬಂದರು.

"ಯಾರ ಕುತಿಗಿ ಹಿಚಗಾಕತ್ತೀಯೋ ಬಾಲೂ?"

"ಇಂಟರ್ನೆಟ್ ಕಾಕೂ. ಡಿಪೋದ ಕೆಲಸ ಐತಿ. ನೀವು ನಡೀರಿ."

"ಕೆಲಸ ನೀ ಮಾಡು, ನಾ ನೋಡ್ತೇನಿ" ಎಂದು ಕಾಕು ಚಾಪೆ ಹಾಸಿಕೊಂಡು ಕುಳಿತರು.

ಲೈನು ಸಿಕ್ಕಿತು. ಬಾಲು ಚಾಟ್ ತೆರೆದು, ಒಂದೇ ಬೆರಳಿನಲ್ಲಿ ತನ್ನ ಹೆಸರು ಒತ್ತಿ ಮುಗಿಸುವಷ್ಟರಲ್ಲಿ ಕಟ್. ಮತ್ತೆ ಕೊಂಯ್, ಕಿರ್ರ್. ಮತ್ತೆ ಸಿಕ್ಕಿತು, ಮತ್ತೆ ಕಟ್. ಒಮ್ಮೆಯಂತೂ ಅವನು ಡಯಲ್ ಒತ್ತಿದರೆ ಅದು ಬರೀ ಕಿರ್ರ್ ಎಂದು ಒದರಿ ಸುಮ್ಮನಾಯಿತು.

"ದೃಷ್ಟಿ ಆಗೇತಿ, ಮತ್ತೇನು?" ಎಂದು ಕಾಕು ಎದ್ದು ಹೋಗಿ ಲಿಂಬೆಹಣ್ಣು, ಮೆಣಸಿನಕಾಯಿ ಪೋಣಿಸಿ ತಂದು ಕಂಪ್ಯೂಟರಿನ ಮುಖದ ಮೇಲೆ ಇಳಿಬಿಟ್ಟರು. ಅರ್ಧ ಪರದೆ ಅದರ ಹಿಂದೆ ಮರೆಯಾಯಿತು. ಸುದ್ದಿ ತಿಳಿದು ರೇಡಿಯೋ ರಿಪೇರಿಯ ಕಾಶೀಮ ಬಂದ, ಯಾರೂ ಕರೆದಿರಲಿಲ್ಲ. ಬ್ಲೇಡಿನಿಂದ ವೈರು ಕೆರೆದು, ಟೇಪು ಸುತ್ತಿ, ಡಬ್ಬಿಯ ಮುಚ್ಚಳ ಬಿಚ್ಚಿ ಒಳಗೆ ಇಣುಕಿದ.

"ಅರೇ ಬಾಲುಭಾಯ್, ಇದಕ್ಕ ಶೆಕಿ ಆಗೇತಿ. ಗಾಳಿ ಬೇಕು ಗಾಳಿ" ಎಂದು ಟೇಬಲ್ ಫ್ಯಾನ್ ತಿರುಗಿಸಿಯೇ ಬಿಟ್ಟ. ಮೆಣಸಿನಕಾಯಿ ಹಾರಿ ಬಂದು ಬಾಲುವಿನ ಕಣ್ಣಿಗೆ ಬಡಿಯಿತು. ಲೈನು ಸಿಕ್ಕಿತು, ಕಟ್ ಆಯಿತು.

ಆಗ ಬಂದವರು ನಿವೃತ್ತ ಮಾಸ್ತರ ಪರಸಪ್ಪ. "ಮನಿಯೊಳಗ ಹುಡುಕಿದ್ರ ಏನ ಸಿಗ್ತೈತಿ? ಹೊರಗ ನೋಡ್ರಿ. ಕಂಬದ ವೈರಿನ ಮ್ಯಾಲ ಮಂಗ್ಯಾ ಜೋಕಾಲಿ ಆಡಾಕತ್ತಾವ."

ನಿಜ, ಮಂಗಗಳಿದ್ದವು. ಕಾಡಿನಿಂದ ಅವು ದಿನಾ ಬರುತ್ತವೆ. ಉರಿಯುವ ಕಣ್ಣಿನ ಬಾಲು ಬಿದಿರಿನ ಗಳ ಹಿಡಿದು, ಎರಡೂ ಮನೆಗೆ ಕೂಡಿದ್ದ ಹಂಚಿನ ಮಾಡು ಹತ್ತಿದ. "ಹುಷ್!" ಎಂದ. ಮಂಗಗಳು ಹೆದರಲಿಲ್ಲ, ಒಂದು ಹಲ್ಲು ಕಿಸಿಯಿತು. ಇವನೇ ಹೆದರಿ ಹಿಂದೆ ಸರಿದಾಗ ಕಾಲ ಕೆಳಗಿನ ಹಂಚು ಒಡೆದು, ಕಾಲು ಗಿರಿಜಾಬಾಯಿಯ ಅಡಿಗೆಮನೆಯೊಳಗೆ ಇಳಿಯಿತು.

"ಅಯ್ಯ ನಿನ್ನ! ನನ್ನ ಸಾರಿನ ಗಡಿಗಿ!" ಎಂದು ಕಾಕು ಕೆಳಗೆ ಹೊಯ್ಕೊಂಡರು. "ಇದು ಯಾವ ಸೀಮಿ ಡಿಪೋದ ಕೆಲಸನೋ?"

ಬಾಲುವಿಗೆ ಅಳು ಬರುವುದೊಂದೇ ಬಾಕಿ. ಹೊತ್ತು ಇಳಿಯುತ್ತಿತ್ತು. ಮುಂಡಗೋಡದಲ್ಲಿ ತುಳಜಾ ಪರದೆಯ ಮುಂದೆ ಕುಳಿತು ಕಾಯುತ್ತಿರಬಹುದು, ನನ್ನ ಹೆಸರು ಮೂಡಿ ಮೂಡಿ ಮಾಯವಾಗುವುದನ್ನು ನೋಡಿ ಏನು ತಿಳಿದುಕೊಂಡಾಳೋ ಎಂದು ಅವನ ಜೀವ ಚಡಪಡಿಸಿತು. ಸಾರು ಬಡಿದ ಕಾಲಿನಲ್ಲೇ ಕುಂಟುತ್ತ ಮೂಲೆಯ ಎಸ್.ಟಿ.ಡಿ. ಬೂತಿಗೆ ಹೋಗಿ, ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದ್ದ ಪರಿಚಯದವನಿಗೆ ಫೋನು ಹಚ್ಚಿದ.

ಅವನು ನಕ್ಕ. "ನಿನ್ನ ಲೈನಿಗೆ ಕಾಲ್ ವೇಟಿಂಗ್ ಹಾಕ್ಸೀಯಲ್ಲೋ ಮಾರಾಯಾ! ನಡುವ ಯಾರರ ಫೋನ್ ಹಚ್ಚಿದ್ರ ಟುಂಯ್ ಅಂತೈತಿ. ಆ ಸದ್ದಿಗೆ ನೆಟ್ ಕಟ್ ಆಗ್ತೈತಿ. ಮುಂಜಾನಿಂದ ಯಾರೋ ಬಿಡಲಾರದ ಹಚ್ಚಾಕತ್ತಾರ."

ಬಾಲುವಿನ ರಕ್ತ ಕುದಿಯಿತು. ಕಾಲ್ ವೇಟಿಂಗ್ ಹಾಕಿಸಿದ್ದೂ ಓಣಿಯವರೇ, ತಮ್ಮ ಬೀಗರ ಫೋನು ತಪ್ಪಬಾರದೆಂದು! ಯಾವಳೋ ಅತ್ತಿಗೆ, ಯಾವನೋ ಷಡ್ಡಕ ರವಿವಾರದ ಹರಟೆಗೆ ತನ್ನ ಬಾಳು ಹಾಳು ಮಾಡುತ್ತಿದ್ದಾರೆ.

"ತಗದ ಬಿಡ್ರಿ ಅದನ್ನ! ಯಾರ್ ಹಚ್ತಾರೋ ಅವ್ರು ಗ್ವಾಡಿಗೆ ತಲಿ ಬಡಕೊಂಡು ಸಾಯ್ಲಿ!"

ಅವನು ತೆಗೆದ. ಬಾಲು ಮನೆಗೆ ಬಂದು ಡಯಲ್ ಒತ್ತಿದ. ಲೈನು ಸಿಕ್ಕಿತು, ನಿಂತಿತು, ಕದಲಲಿಲ್ಲ. ಲಿಂಬೆಹಣ್ಣಿನಿಂದಲೇ ಎಂದರು ಕಾಕು. ಗಾಳಿಯಿಂದ ಎಂದ ಕಾಶೀಮ. ಮಂಗಗಳು ಹೋದದ್ದನ್ನು ನೋಡಿರೆಂದರು ಮಾಸ್ತರರು. ಎದ್ದು ಹೋಗಿರೆಂದು ಬಾಲು ಕೈಮುಗಿದ. ಇಷ್ಟು ದುಡಿದವರು ಫಲ ನೋಡದೆ ಹೋಗುವುದುಂಟೇ? ಚಹಾ ಮಾಡಿಕೊಂಡು ಕುಳಿತರು.

ಚಾಟ್‌ನಲ್ಲಿ ತುಳಜಾ ಇರಲಿಲ್ಲ. ಬಾಲು ಕಾದ. ಹೊರಗೆ ಬೀದಿದೀಪ ಹತ್ತುವ ಹೊತ್ತಿಗೆ ಅವಳ ಹೆಸರು ಮೂಡಿತು. ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಿದ ಕನ್ನಡ ಒಂದೊಂದೇ ಸಾಲಾಗಿ ಬರತೊಡಗಿತು. ಅವನು ಅಡ್ಡ ಕೂರುವಷ್ಟರಲ್ಲಿ ಪರಸಪ್ಪ ಮಾಸ್ತರರು ಕನ್ನಡಕ ಏರಿಸಿ, ತರಗತಿಗೆ ಓದುವ ದನಿಯಲ್ಲಿ ಶುರು ಮಾಡಿಯೇ ಬಿಟ್ಟರು.

"'ಮುಂಜಾನಿಂದ ಇಲ್ಲಿ ಕರೆಂಟ್ ಇರಲಿಲ್ಲ. ಕೆಫೆ ಮುಚ್ಚಿತ್ತು. ಅದಕ್ಕ ಬೂತಿನಿಂದ ನಿಮ್ಮ ಮನಿಗೆ ಫೋನ್ ಹಚ್ಚಾಕತ್ತಿದ್ದೆ.' ಯಾರೀಕಿ? ಡಿಪೋದಾಕಿ ಏನು?"

ಬಾಲುವಿನ ಬೆರಳು ಕೀಲಿಯ ಮೇಲೆ ಹಾಗೇ ನಿಂತಿತು.

"'ರಿಂಗ್ ಆಗ್ತಿತ್ತು, ನೀವು ಎತ್ತಲಿಲ್ಲ. ಒಮ್ಮೆ ಎತ್ತಿದವರು ಕಿವ್ಯಾಗ ಕಿರ್ರ್ ಅಂತ ಒದರಿ ಇಟ್ಟುಬಿಟ್ರಿ. ಆಮ್ಯಾಲ ಬರೇ ಎಂಗೇಜ್. ಅಪ್ಪ ಬಾಜೂಕ ನಿಂತಿದ್ರು. ಮನಸ್ಸಿದ್ದಂವ ಹಿಂಗ ಮಾಡ್ತಾನೇನು ಅಂದ್ರು.'"

ಬಾಲು ಉತ್ತರ ಒತ್ತತೊಡಗಿದ. ಒಂದು ಅಕ್ಷರ ಹುಡುಕುವಷ್ಟರಲ್ಲಿ ಅವಳದೊಂದು ಸಾಲು ಬರುತ್ತಿತ್ತು.

"'ನನ್ನ ಮನಸ್ಸಿನಾಗ ನೀವ ಇದ್ರಿ. ಈಗ ಮಳಗಿಯವರಿಗೆ ಹೂಂ ಅಂದು ಸಕ್ಕರಿ ಹಂಚೇವಿ.'"

"ಅಯ್ಯ ಶಿವನ!" ಎಂದರು ಕಾಕು. ಕಾಶೀಮ ಫ್ಯಾನ್ ಆರಿಸಿದ.

ಬಾಲು ಕಣ್ಣು ಮುಚ್ಚಿ, ಬೆಳಗಿನಿಂದ ತಾನು ಹರಕೆ ಹೊತ್ತ ದೇವರಿಗೆಲ್ಲ ಇನ್ನೊಮ್ಮೆ ಕೈಮುಗಿದ: ಈಗ ಕಟ್ ಆಗಲಿ, ಈಗೊಂದು ಸಲ ಕಟ್ ಆಗಲಿ. ಲೈನು ಬಂಡೆಯಂತೆ ನಿಂತಿತ್ತು.

"ಸುಮ್ಮನಿರ್ರಿ ಎಲ್ಲಾರೂ" ಎಂದರು ಮಾಸ್ತರರು, ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡು. "ಇನ್ನೂ ಬರಾಕತ್ತೈತಿ."