ಬಿಳಿ ಬೆಕ್ಕಿನ ಮನೆತನ

ಬೆಕ್ಕು ಸಾಕಿದವರಿಗೆ ಇಂಥವು ಆಗತಾನ ಇರತಾವ. ಬ್ರಿಟಿಷರ ಕಾಲಕ್ಕ ಪುಣೆ ಕ್ಯಾಂಪಿನ್ಯಾಗ ಒಬ್ಬ ಮೇಮ್‌ಸಾಹೇಬರ ಪರ್ಶಿಯನ್ ಬೆಕ್ಕುಗಳನ್ನ ಇಪ್ಪತ್ತು ವರ್ಷ ಕಾಯ್ದವ ನಾನು. ಅವುಗಳ ರಕ್ತದಾಗ ಓಣಿ ಬೆಕ್ಕಿನ ಒಂದು ಹನಿ ಸೇರಗೊಡಲಿಲ್ಲ. ಆಮ್ಯಾಲ ಮೇಮ್‌ಸಾಹೇಬರು ಹಡಗು ಹತ್ತಿ ವಿಲಾಯತಿಗೆ ಹೋದರು. ಇಲ್ಲಿ ಕುಂತು ಕೇಳೂ ನೀವು ಯಾರೂ ಆಗ ಹುಟ್ಟಿದ್ದಿಲ್ಲ. ಕೆಲಸಕ್ಕ ಸೇರಿದ ಮೊದಲ ದಿನಾನ ಮೇಮ್‌ಸಾಹೇಬರು ಹೇಳಿದ್ದರು, ಕಲಬೆರಕೆ ಮರಿ ಒಂದು ಹುಟ್ಟಿದರೂ ನಿನ್ನ ಕೆಲಸ ಹೋತು ಅಂತ.

೧. ಸೋದರಮಾವ

ಬೆಕ್ಕುಗಳ ವಂಶಾವಳಿಗೆ ಒಂದು ದಪ್ಪ ವಹಿ ಇತ್ತು. ನನಗ ಓದಲಿಕ್ಕ ಬರೂದಿಲ್ಲ, ಆದರ ಹನ್ನೊಂದು ಬೆಕ್ಕಿನ ಬೀಗತನ ಬಾಯಿಪಾಠ. ರಾಣಿ ಅನ್ನೂ ಬಿಳಿ ಬೆಕ್ಕಿಗೆ ಗಂಡು ಹುಡುಕುವಾಗ, ಹೊರಗ ಯಾಕ ಅಲೀತೀರಿ, ಅದರ ಸೋದರಮಾವ ಮನ್ಯಾಗ ಕುಂತಾನಲ್ಲ ಅಂದೆ. ಮೇಮ್‌ಸಾಹೇಬರು ಹೌಹಾರಿದರು. ಹತ್ತಿರದ ರಕ್ತ ಕೂಡಿಸೂದು ದೊಡ್ಡ ತಪ್ಪು ಅಂದರು. ನಾ ಮದಿವಿ ಆದದ್ದು ಅಕ್ಕನ ಮಗಳನ್ನ.

ಮನಿಗೆ ಬಂದು ಹೇಳಿದರ ನಮ್ಮಾಕಿ ಅಂದಳು: “ಅವರು ನಮ್ಮವ್ವಗ ಮೊದಲ ಭೆಟ್ಟಿ ಆಗಿದ್ದರ ಭಾಳ ಚಲೋ ಇತ್ತು, ಮಾಮಾ.”

೨. ಮನಿ ನೋಡೂದು

ಮೇಮ್‌ಸಾಹೇಬರು ಮನಿ ನೋಡದ ಯಾರಿಗೂ ಮರಿ ಕೊಡತಿದ್ದಿಲ್ಲ. ನೋಡೂ ಕೆಲಸ ನಂದು. ಮರಿ ಕೇಳಿದ್ದ ಸದಾಶಿವ ಪೇಠದ ವಕೀಲರ ಮನಿಗೆ ಹೋದರ, ಅವರು ಕೋರ್ಟಿಗೆ ಹೋಗಿದ್ದರು. ಅವರ ಹೆಂಡತಿ, ಮಗಳನ್ನ ನೋಡಲಿಕ್ಕ ಬರೂ ಸಾತಾರದ ಬೀಗರ ದಾರಿ ಕಾಯತಿದ್ದರು. ನಾ ಜಗಲಿ ಮ್ಯಾಲ ಕುಂತು, ದಿನಾ ಕೂದಲ ಬಾಚತೀರೇನು, ಎರಡೂ ಹೊತ್ತು ಹಾಲು ಕೊಡತೀರೇನು ಅಂತ ಮರಾಠಿಯೊಳಗ ಕೇಳಿದೆ. ವಕೀಲರ ಹೆಂಡತಿ ಮಗಳನ್ನ ಕರೆದು ಜಡಿ ತೋರಿಸಿದರು, ಬೀಗರಿಗಂತ ಮಾಡಿದ್ದ ಕಾಂದಾ-ಪೋಹೆ ಅವಲಕ್ಕಿ ತಂದಿಟ್ಟರು. ಇನ್ನೊಮ್ಮೆ ಹಾಕಿಸಿಕೊಂಡು ತಿಂದು, ಕೈ ತೊಳಕೊಂಡು, ಆಮ್ಯಾಲ ಬೆಕ್ಕಿನ ಮಾತು ತೆಗೆದೆ.

೩. ಹುಲಿಪಟ್ಟಿ

ಕಡೀಕ ರಾಣಿಗೆ ಮುಂಬಯಿಯಿಂದ ಬಿಳಿ ಗಂಡು ಬಂತು. ಎರಡು ವಾರ ಕೋಣಿ ಬಾಗಲಾ ತೆರೀಬಾರದು ಅಂತ ಅಪ್ಪಣೆ. ಹುಲಿ ಬಂದರೂ ಒಳಗ ಬಿಡತಿದ್ದಿಲ್ಲ, ಹಂಗ ಕಾದೆ. ನಡುವ ಒಂದ ಸಲ ಹಿಂದಿನ ಓಣಿಯ ಉಡುಪಿ ಹೋಟೆಲಿಗೆ ಹೋಗಿ ಚಹಾ ಕುಡಿದು ಬಂದೆ, ಅಷ್ಟ.

ನಾಲ್ಕು ಮರಿ ಹುಟ್ಟಿದವು. ಮೂರು ಹಾಲಿನಂಥ ಬಿಳಿ. ನಾಲ್ಕನೇದಕ್ಕ ಮೈತುಂಬ ಪಟ್ಟಿ, ಥೇಟ್ ಆ ಹೋಟೆಲಿನ ಗಂಡುಬೆಕ್ಕಿನಂಗ. ಕೆಲಸ ಹೋತು ಅಂದಕೊಂಡೆ. ಆದರ ಧೈರ್ಯಾ ಮಾಡಿ, ಬಸುರಿದ್ದಾಗ ರಾಣಿ ಕಿಡಕಿಯ ಬಿದಿರ ತಟ್ಟಿ ನೆರಳಾಗ ಮಲಗತಿತ್ತು, ಆ ನೆರಳಿನ ಪಟ್ಟಿ ಮರಿ ಮ್ಯಾಲ ಮೂಡ್ಯಾವ ಅಂದೆ. ಮೇಮ್‌ಸಾಹೇಬರು ಒಪ್ಪಿ ವಹಿಯೊಳಗ ಬರಕೊಂಡರು.

ಇಷ್ಟು ಹೇಳೂದರೊಳಗ ನಮ್ಮಾಕಿ ಅಡಿಗಿಮನಿಯಿಂದ ಹೊರಗ ಬಂದಳು.

“ಒಪ್ಪಿದ್ದರ, ಮರುದಿನಾನ ಕೆಲಸ ಬಿಟ್ಟು, ಆ ಪಟ್ಟಿಮರಿ ಚೀಲದಾಗ ಹಾಕ್ಕೊಂಡು ಮನಿಗೆ ಯಾಕ ಬಂದಿರಿ, ಮಾಮಾ? ಅದರ ಮರಿಮೊಮ್ಮಗಳು ಈಗೂ ನಿಮ್ಮ ತೊಡಿ ಮ್ಯಾಲ ಕುಂತಾಳ.”

ಎಲ್ಲಾರೂ ನನ್ನ ತೊಡಿ ನೋಡಿದರು. ಪರ್ಶಿಯನ್ ಕೂದಲು, ಹೋಟೆಲಿನ ಪಟ್ಟಿ.

“ಈ ಮನಿ ಕಿಡಕಿಗೂ ಬಿದಿರ ತಟ್ಟಿ ಅದಲ್ಲ,” ಅಂದೆ.